ಲೋಹವಿಲ್ಲದ ಕ್ಯಾಥೋಡು, ರಂಧ್ರ ತುಂಬಿದ ಪಾಲಿಮರು



ಲಿಥಿಯಂ ಬ್ಯಾಟರಿಯ ಕಥೆಯನ್ನು ನಾವು ಸಾಮಾನ್ಯವಾಗಿ ಲೋಹಗಳ ಕಥೆಯಾಗಿಯೇ ಕೇಳುತ್ತೇವೆ. ಲಿಥಿಯಂ, ಕೋಬಾಲ್ಟ್, ನಿಕಲ್, ಮ್ಯಾಂಗನೀಸ್. ಯಾವ ದೇಶದ ಗಣಿ, ಎಷ್ಟು ಆಮದು, ಏನು ಬೆಲೆ. ಆದರೆ ಇವತ್ತು ನಮ್ಮ ಜೇಬಿನಲ್ಲಿರುವ ಬ್ಯಾಟರಿಯ ಮೊದಲ ಮಾದರಿಯಲ್ಲಿ ಒಂದು ಬದಿಗೆ ಇದ್ದದ್ದು ಲೋಹವೂ ಅಲ್ಲ, ಖನಿಜವೂ ಅಲ್ಲ. ಪ್ಲಾಸ್ಟಿಕ್ಕಿನ ಜಾತಿಗೆ ಸೇರಿದ ಪಾಲಿಮರು ಅದು. 1981ರಲ್ಲಿ ಜಪಾನಿನ ಅಸಾಹಿ ಕಸೇಯಿ ಕಂಪನಿಯಲ್ಲಿ ಅಕಿರಾ ಯೋಶಿನೊ ಎಂಬ ರಸಾಯನತಜ್ಞರು ಕೆಲಸ ಶುರು ಮಾಡಿದ್ದು ಪಾಲಿಅಸಿಟಿಲೀನ್ ಎಂಬ ಪಾಲಿಮರಿನಿಂದ.

ಈ ಪಾಲಿಅಸಿಟಿಲೀನಿಗೂ ಒಂದು ಹಿನ್ನೆಲೆ ಇದೆ. 1967ರಲ್ಲಿ ಟೋಕಿಯೊದಲ್ಲಿ ಹಿಡೆಕಿ ಶಿರಾಕಾವ ಅವರ ಪ್ರಯೋಗಾಲಯದಲ್ಲಿ ವೇಗವರ್ಧಕವನ್ನು ಬೇಕಾದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟಿದ್ದರು. ಕಪ್ಪು ಪುಡಿ ಬರಬೇಕಾದ ಕಡೆ ಬೆಳ್ಳಿಯಂತೆ ಹೊಳೆಯುವ ಪೊರೆ ಬಂತು. ಮುಂದೆ ಅಮೆರಿಕದಲ್ಲಿ ಅಲನ್ ಮ್ಯಾಕ್‌ಡಯರ್ಮಿಡ್, ಅಲನ್ ಹೀಗರ್ ಅವರ ಜೊತೆ ಸೇರಿ ಅದಕ್ಕೆ ಅಯೋಡಿನ್ ಸೋಕಿಸಿದಾಗ ಅದರ ವಿದ್ಯುತ್ ವಾಹಕತೆ ಲಕ್ಷಗಟ್ಟಲೆ ಪಟ್ಟು ಏರಿತು. ಪಾಲಿಮರು ಎಂದರೆ ತಂತಿಯ ಮೇಲಿನ ಹೊದಿಕೆ, ವಿದ್ಯುತ್ತನ್ನು ತಡೆಯುವ ವಸ್ತು ಎಂದಷ್ಟೇ ತಿಳಿದಿದ್ದ ಕಾಲ ಅದು. 1977ರ ಆ ಶೋಧಕ್ಕೆ 2000ದಲ್ಲಿ ಮೂವರಿಗೂ ನೊಬೆಲ್ ಬಂತು.

ಯೋಶಿನೊ ಆ ಪಾಲಿಮರನ್ನು ಬ್ಯಾಟರಿಯ ಋಣ ವಿದ್ಯುದ್ವಾರವಾದ ಆನೋಡಿನ ಕಡೆ ಇಟ್ಟರು. ಎದುರಿಗೆ ಇಡಲು ತಕ್ಕ ಧನ ವಿದ್ಯುದ್ವಾರ, ಅಂದರೆ ಕ್ಯಾಥೋಡು ಬೇಕಿತ್ತು. 1982ರ ಕೊನೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಎನಫ್, ಕೊಯಿಚಿ ಮಿಜುಶಿಮಾ ಮತ್ತು ಸಂಗಡಿಗರು ಎರಡು ವರ್ಷ ಹಿಂದೆ ಪ್ರಕಟಿಸಿದ್ದ ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಪ್ರಬಂಧ. 1983ರಲ್ಲಿ ಎರಡನ್ನೂ ಜೋಡಿಸಿದಾಗ ಬ್ಯಾಟರಿ ಕೆಲಸ ಮಾಡಿತು. ಆದರೆ ಪಾಲಿಮರು ತೂಕದಲ್ಲಿ ಹಗುರವಾಗಿದ್ದರೂ ಜಾಗ ಜಾಸ್ತಿ ತಿನ್ನುತ್ತಿತ್ತು, ಬಾಳಿಕೆಯೂ ಸಾಲುತ್ತಿರಲಿಲ್ಲ. ಯೋಶಿನೊ ಅದನ್ನು ಬಿಟ್ಟು 1985ರ ಹೊತ್ತಿಗೆ ಪೆಟ್ರೋಲಿಯಂ ಕೋಕ್ ಎಂಬ ಕಾರ್ಬನ್ನಿಗೆ ಬಂದರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರ ನೊಬೆಲ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ ಸಂದಿತು.

ಅಂದು ಹೊರಗುಳಿದ ಪಾಲಿಮರು ಈಗ ಬೇರೆ ರೂಪದಲ್ಲಿ ಮರಳಿ ಬರುತ್ತಿದೆ. ಆನೋಡಿನ ಕಡೆಗಷ್ಟೇ ಅಲ್ಲ, ಕ್ಯಾಥೋಡಿನ ಜಾಗಕ್ಕೂ. ಈ ಹೊಸ ರೂಪದ ವಿಶೇಷವೆಂದರೆ ಮೈತುಂಬ ಅಣುಗಾತ್ರದ ರಂಧ್ರಗಳು. ಸರಂಧ್ರ ಸಾವಯವ ಪಾಲಿಮರು ಎಂದು ಇದರ ಹೆಸರು. ಇಲ್ಲಿ ಸಾವಯವ ಎಂದರೆ ರಸಾಯನಶಾಸ್ತ್ರದ ಅರ್ಥದಲ್ಲಿ, ಕಾರ್ಬನ್ನಿನಿಂದ ಕಟ್ಟಿದ್ದು. ಈ ರಂಧ್ರಗಳು ಬ್ಯಾಟರಿಯಲ್ಲಿ ಏನು ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಬ್ಯಾಟರಿಯ ಕೆಲಸವನ್ನು ಎರಡು ಮಾತಿನಲ್ಲಿ ನೆನಪಿಸಿಕೊಳ್ಳೋಣ. ಬ್ಯಾಟರಿಯಲ್ಲಿ ಎರಡು ವಿದ್ಯುದ್ವಾರಗಳು, ನಡುವೆ ಲಿಥಿಯಂ ಲವಣ ಕರಗಿದ ಎಲೆಕ್ಟ್ರೊಲೈಟ್ ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕ್ಯಾಥೋಡನ್ನು ಬಿಟ್ಟು ಆನೋಡಿಗೆ ಹೋಗುತ್ತವೆ. ಬಳಸುವಾಗ ಹಿಂದಕ್ಕೆ ಬರುತ್ತವೆ. ಅಯಾನು ಒಳಗಿನ ದ್ರಾವಣದಲ್ಲಿ ಸಾಗಿದಂತೆಲ್ಲ ಅದಕ್ಕೆ ಸಮನಾದ ಎಲೆಕ್ಟ್ರಾನು ಹೊರಗಿನ ತಂತಿಯಲ್ಲಿ ಸಾಗುತ್ತದೆ. ನಮ್ಮ ಫೋನು ನಡೆಯುವುದು ಆ ಎಲೆಕ್ಟ್ರಾನಿನಿಂದ. ಹಾಗಾಗಿ ಒಳ್ಳೆಯ ವಿದ್ಯುದ್ವಾರವೆಂದರೆ ಎಲೆಕ್ಟ್ರಾನು ಮತ್ತು ಅಯಾನು ಎರಡನ್ನೂ ತೆಗೆದುಕೊಂಡು, ಎರಡನ್ನೂ ವಾಪಸು ಕೊಟ್ಟು, ಸಾವಿರಾರು ಸಲ ಹೀಗೆ ಮಾಡಿದರೂ ಕೆಡದೆ ಉಳಿಯುವಂಥದ್ದು. ಒಂದು ಗ್ರಾಂ ವಸ್ತು ಎಷ್ಟು ವಿದ್ಯುತ್ತನ್ನು ಹೀಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಮಿಲಿಆಂಪಿಯರ್-ಅವರ್ ಲೆಕ್ಕದಲ್ಲಿ ಹೇಳುತ್ತಾರೆ. ಮೊಬೈಲು ಕೊಳ್ಳುವಾಗ ಅಂಗಡಿಯವರು ‘ಐದು ಸಾವಿರ ಎಂಎಎಚ್’ ಅನ್ನುತ್ತಾರಲ್ಲ, ಅದೇ ಅಳತೆ.

ಲಿಥಿಯಂ ಕೋಬಾಲ್ಟ್ ಆಕ್ಸೈಡಿನಲ್ಲಿರುವ ಲಿಥಿಯಮ್ಮನ್ನೆಲ್ಲ ತೆಗೆಯಲು ಆದರೆ ಗ್ರಾಮಿಗೆ 274 ಮಿಲಿಆಂಪಿಯರ್-ಅವರ್ ಸಿಗಬೇಕು. ಆದರೆ ಅರ್ಧಕ್ಕಿಂತ ಹೆಚ್ಚು ತೆಗೆದರೆ ಹರಳಿನ ಪದರಗಳು ಅಸ್ಥಿರವಾಗುತ್ತವೆ. ಅದರಿಂದ ಸಾಮಾನ್ಯವಾಗಿ ಸಿಗುವುದು 140ರ ಆಸುಪಾಸು. ಇನ್ನು ಕೋಬಾಲ್ಟಿನ ವಿಷಯ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನ ಮೂರನೇ ಎರಡು ಭಾಗಕ್ಕೂ ಹೆಚ್ಚು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಒಂದರಿಂದಲೇ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದನ್ನು 2016ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿ ಮಾಡಿತು. ಆ ವರದಿ ಓದಿದವರಿಗೆ ಕೋಬಾಲ್ಟಿನ ಬದಲಿಗೆ ಬೇರೇನಾದರೂ ಇದೆಯೇ ಎಂಬ ಪ್ರಶ್ನೆ ಬರೀ ಬೆಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಒಂದು ಉತ್ತರ ಈಗಾಗಲೇ ಬಳಕೆಯಲ್ಲಿದೆ ಎಂಬುದನ್ನೂ ಹೇಳಬೇಕು. ಲಿಥಿಯಂ ಐರನ್ ಫಾಸ್ಫೇಟ್: ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ, ಬರೀ ಕಬ್ಬಿಣ. ಅದನ್ನು ಪರಿಚಯಿಸಿ 1997ರಲ್ಲಿ ಟೆಕ್ಸಸ್ಸಿನಿಂದ ಬಂದ ಪ್ರಬಂಧದ ಮೇಲೆ ಅಕ್ಷಯ ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಗುಡ್‌ಎನಫ್ ಎಂಬ ಮೂರು ಹೆಸರುಗಳಿವೆ. ನಂಜುಂಡಸ್ವಾಮಿ ಎಂಬ ಹೆಸರನ್ನು ಅಲ್ಲಿ ಕಂಡಾಗ ನಮ್ಮ ಕಡೆಯ ಯಾರಿಗಾದರೂ ಮನಸ್ಸು ಅರಳದೆ ಇರದು. ಇವತ್ತು ಅನೇಕ ವಿದ್ಯುತ್ ವಾಹನಗಳು ಓಡುವುದು ಈ ಫಾಸ್ಫೇಟಿನ ಬಲದಿಂದಲೇ. ಅದರ ಗರಿಷ್ಠ ಸಾಮರ್ಥ್ಯ ಗ್ರಾಮಿಗೆ 170. ಸಾವಯವ ಪಾಲಿಮರು ಪಂದ್ಯಕ್ಕೆ ನಿಲ್ಲಬೇಕಾದ್ದು ಕೋಬಾಲ್ಟಿನ ಎದುರು ಮಾತ್ರವಲ್ಲ, ಈ ಅಗ್ಗದ, ಗಟ್ಟಿ ಕಬ್ಬಿಣದ ಎದುರೂ ಕೂಡ. ಆ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಕೇಳಿ.

ಲೋಹವೇ ಇಲ್ಲದ ಅಣು ಎಲೆಕ್ಟ್ರಾನನ್ನು ಹೇಗೆ ಹಿಡಿದಿಡುತ್ತದೆ? ಉತ್ತರ ನಮ್ಮ ಮನೆಗಳ ಮದುವೆಯಲ್ಲೇ ಇದೆ. ಮದರಂಗಿ ಎಲೆ ಅರೆದು ಹಚ್ಚಿದಾಗ ಅಂಗೈಗೆ ಕೆಂಪು ಹಿಡಿಸುವ ಅಣುವಿನ ಹೆಸರು ಲಾಸೋನ್. ಅದು ಕ್ವಿನೋನ್ ಎಂಬ ಕುಟುಂಬಕ್ಕೆ ಸೇರಿದ್ದು. ಬಟ್ಟೆಗೆ ಕೆಂಪು ಬಣ್ಣ ಕಟ್ಟುವ ಮಂಜಿಷ್ಠದ ಬೇರಿನಲ್ಲಿರುವ ಪರ್ಪ್ಯುರಿನ್ ಕೂಡ ಅದೇ ಕುಟುಂಬದ್ದು. ಕ್ವಿನೋನುಗಳಲ್ಲಿ ಕಾರ್ಬನ್ ಉಂಗುರಕ್ಕೆ ಎರಡು ಆಕ್ಸಿಜನ್ ಪರಮಾಣುಗಳು ಜೋಡಿಬಂಧದಿಂದ ಅಂಟಿಕೊಂಡಿರುತ್ತವೆ. ಈ ಆಕ್ಸಿಜನ್ ಒಂದು ಎಲೆಕ್ಟ್ರಾನನ್ನು ಸುಲಭವಾಗಿ ತೆಗೆದುಕೊಳ್ಳುತ್ತದೆ. ತೆಗೆದುಕೊಂಡಾಗ ಋಣ ಆವೇಶ ಬರುತ್ತದೆ. ಆಗ ಒಂದು ಲಿಥಿಯಂ ಅಯಾನು ಬಂದು ಪಕ್ಕದಲ್ಲಿ ಕೂರುತ್ತದೆ. ಎಲೆಕ್ಟ್ರಾನು ಹಿಂದಕ್ಕೆ ಹೋದರೆ ಅಯಾನೂ ಎದ್ದು ಹೋಗುತ್ತದೆ. ಜೀವಿಗಳು ಈ ಗುಣವನ್ನು ಬಹಳ ಹಿಂದೆಯೇ ಬಳಸಿಕೊಂಡಿವೆ. ಹಸಿರೆಲೆಯಲ್ಲಿ ಪ್ಲಾಸ್ಟೊಕ್ವಿನೋನ್, ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯದಲ್ಲಿ ಯುಬಿಕ್ವಿನೋನ್, ಎರಡೂ ಹಗಲಿರುಳು ಎಲೆಕ್ಟ್ರಾನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುತ್ತಿವೆ. 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಪರ್ಪ್ಯುರಿನನ್ನೇ ಲಿಥಿಯಂ ಬ್ಯಾಟರಿಯ ವಿದ್ಯುದ್ವಾರವಾಗಿ ಪರೀಕ್ಷಿಸಿದರು.

ಇಲ್ಲಿ ಲೆಕ್ಕ ಹಾಕಿದರೆ ಆಸೆ ಹುಟ್ಟುತ್ತದೆ. ಅತಿ ಚಿಕ್ಕ ಕ್ವಿನೋನ್ ಆದ ಬೆಂಜೊಕ್ವಿನೋನಿನ ಅಣುತೂಕ 108. ಒಂದು ಅಣು ಎರಡು ಎಲೆಕ್ಟ್ರಾನು ಹಿಡಿಯುತ್ತದೆ. ಅಲ್ಲಿಗೆ ಗ್ರಾಮಿಗೆ 496 ಮಿಲಿಆಂಪಿಯರ್-ಅವರ್. ಕೋಬಾಲ್ಟ್ ಆಕ್ಸೈಡಿನಿಂದ ನಾವು ನಿಜವಾಗಿ ಪಡೆಯುವುದರ ಮೂರೂವರೆ ಪಟ್ಟು. ಕಾರ್ಬನ್, ಆಕ್ಸಿಜನ್, ನೈಟ್ರೋಜನ್ ಹಗುರವಾದ ಧಾತುಗಳು, ಎಲ್ಲ ಕಡೆ ಸಿಗುವಂಥವು. 2008ರಲ್ಲಿ ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ಫಿಲಿಪ್ ಪೊಯ್ಜೊ, ಜಾನ್-ಮಾರಿ ತರಸ್ಕೊನ್ ಅವರ ತಂಡ ಸಸ್ಯಮೂಲದ ಇನೊಸಿಟಾಲಿನಿಂದ ಶುರುಮಾಡಿ ಇಂಥದೊಂದು ಕ್ಯಾಥೋಡನ್ನು ತಯಾರಿಸಿ ತೋರಿಸಿತು. ಮರುವರ್ಷ ಆನೋಡಿನ ಕಡೆಗೆ ಲಿಥಿಯಂ ಟೆರಿಫ್ತಾಲೇಟ್ ಬಂತು. ಟೆರಿಫ್ತಾಲಿಕ್ ಆಮ್ಲವೆಂದರೆ ನೀರಿನ ಪೆಟ್ ಬಾಟಲಿಯ ಕಚ್ಚಾವಸ್ತು.

ತೊಡಕು ಎಲ್ಲಿ ಬಂತೆಂದರೆ, ಈ ಚಿಕ್ಕ ಅಣುಗಳು ಕರಗಿಬಿಡುತ್ತವೆ. ಬ್ಯಾಟರಿಯ ಎಲೆಕ್ಟ್ರೊಲೈಟಿನಲ್ಲಿರುವುದು ಸಾವಯವ ದ್ರಾವಕ. ಸಾವಯವ ಅಣು ಅದರಲ್ಲಿ ಕರಗುವುದು ಸಹಜವೇ. ಮೊದಲ ದಿನ ಚೆನ್ನಾಗಿ ನಡೆದ ಬ್ಯಾಟರಿ ಕೋಶ, ಚಾರ್ಜ್ ಮಾಡಿ ಬಳಸುವ ಕೆಲವೇ ಸುತ್ತುಗಳಲ್ಲಿ ಸೊರಗುತ್ತದೆ. ಕ್ಯಾಥೋಡಿನ ಅಣುಗಳು ತೇಲಿಹೋಗಿ ಆನೋಡಿಗೆ ತಾಕಿ ಅಲ್ಲೇ ಹಾಳಾಗುತ್ತವೆ.

ಕರಗಬಾರದೆಂದರೆ ಅಣುಗಳನ್ನು ಸರಪಳಿಯಾಗಿ ಹೆಣೆಯಬೇಕು, ಅಂದರೆ ಪಾಲಿಮರು ಮಾಡಬೇಕು. ಈ ದಾರಿಯಲ್ಲಿ ಸಾಕಷ್ಟು ಕೆಲಸ ನಡೆದಿದೆ. 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಪಾಲಿಅನಿಲೀನ್ ಇದ್ದ ಬಿಲ್ಲೆ ಬ್ಯಾಟರಿ ಮಾರಾಟಕ್ಕೂ ಬಂದಿತ್ತು. 2002ರಲ್ಲಿ ಎನ್‌ಇಸಿ ಕಂಪನಿಯವರು ರ್‍ಯಾಡಿಕಲ್ ಪಾಲಿಮರಿನ ಬ್ಯಾಟರಿ ತೋರಿಸಿದರು. 2009ರಲ್ಲಿ ಚೀನಾದ ವುಹಾನಿನಿಂದ, ಕ್ವಿನೋನ್ ಕುಟುಂಬದ್ದೇ ಆದ ಆಂಥ್ರಾಕ್ವಿನೋನ್ ಸರಪಳಿಯ ಪಾಲಿಮರು ಬಂತು. ಇವೆಲ್ಲ ಮುಖ್ಯವಾದ ಹೆಜ್ಜೆಗಳೇ. ಆದರೂ ನೇರ ಸರಪಳಿಯ ಪಾಲಿಮರು ದ್ರಾವಕದಲ್ಲಿ ಉಬ್ಬುತ್ತದೆ, ಅದರ ಚಿಕ್ಕ ತುಂಡುಗಳು ಆಗಲೂ ಕರಗುತ್ತವೆ. ಉಬ್ಬದ ಹಾಗೆ ಒತ್ತೊತ್ತಾಗಿ ಕೂತರೆ ಲಿಥಿಯಂ ಅಯಾನಿಗೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಅಣುಗಳನ್ನು ಬಿಗಿದರೆ ಅಯಾನು ನಿಲ್ಲುತ್ತದೆ, ಸಡಿಲ ಬಿಟ್ಟರೆ ಅಣುವೇ ಹೊರಟುಹೋಗುತ್ತದೆ. ಸಾವಯವ ಬ್ಯಾಟರಿ ಬಹಳ ಕಾಲ ಸಿಕ್ಕಿಹಾಕಿಕೊಂಡಿದ್ದು ಈ ಇಕ್ಕಟ್ಟಿನಲ್ಲಿ.

ರಂಧ್ರಗಳು ಉಪಕಾರಕ್ಕೆ ಬಂದದ್ದು ಇಲ್ಲಿ. ಎರಡು ಕೈಗಳ ಅಣುಗಳನ್ನು ಜೋಡಿಸುತ್ತ ಹೋದರೆ ಸರಪಳಿಯಾಗುತ್ತದೆ. ಮೂರು ಅಥವಾ ನಾಲ್ಕು ಕೈಗಳ ಅಣುಗಳನ್ನು ಜೋಡಿಸಿದರೆ ಬಲೆಯಾಗುತ್ತದೆ. ಆ ಅಣುಗಳು ಬಾಗದ, ಮಡಚದ ಉಂಗುರಗಳಿಂದಾಗಿದ್ದರೆ ಬಲೆ ಕುಸಿದು ಒಂದಕ್ಕೊಂದು ಅಂಟಿಕೊಳ್ಳಲಾರದು. ನಡುವೆ ಖಾಲಿ ಜಾಗ ಉಳಿದೇ ಉಳಿಯುತ್ತದೆ. ಎಲ್ಲ ಕಡೆಯಿಂದ ಗಟ್ಟಿ ಸಹವೇಲೆನ್ಸಿ ಬಂಧಗಳು ಹಿಡಿದಿರುವುದರಿಂದ ಈ ವಸ್ತು ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಅದೇ ಹೊತ್ತಿಗೆ ದ್ರಾವಕ ಮತ್ತು ಲಿಥಿಯಂ ಅಯಾನು ಅದರೊಳಗೆ ಓಡಾಡಬಹುದು. ಬಿಗಿಯೂ ಉಂಟು, ದಾರಿಯೂ ಉಂಟು. ಇಡೀ ಕ್ಷೇತ್ರದ ಭರವಸೆ ನಿಂತಿರುವುದು ಈ ಒಂದು ಅಂಶದ ಮೇಲೆ.

ಇಂಥ ಬಲೆಗಳನ್ನು ಹೆಣೆಯುವ ಕಲೆ ಬಂದದ್ದು ಬ್ಯಾಟರಿಗಾಗಿ ಅಲ್ಲ. ಅನಿಲಗಳನ್ನು ಸಂಗ್ರಹಿಸಲು, ಬೇರ್ಪಡಿಸಲು ಎಂದು ರಸಾಯನಶಾಸ್ತ್ರಜ್ಞರು ಈ ಶತಮಾನದ ಮೊದಲ ದಶಕದಲ್ಲಿ ಒಂದರ ಮೇಲೊಂದು ಬಗೆಯನ್ನು ಕಂಡುಹಿಡಿದರು. 2005ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಓಮರ್ ಯಾಘಿ ಅವರ ತಂಡ ಹರಳಿನಂತೆ ಕ್ರಮಬದ್ಧವಾದ ಸಹವೇಲೆನ್ಸಿ ಸಾವಯವ ಚೌಕಟ್ಟುಗಳನ್ನು ಪ್ರಕಟಿಸಿತು. ಲೋಹ-ಸಾವಯವ ಚೌಕಟ್ಟುಗಳಿಗಾಗಿ 2025ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಇದೇ ಯಾಘಿ. 2007ರಲ್ಲಿ ಲಿವರ್‌ಪೂಲಿನ ಆಂಡ್ರ್ಯೂ ಕೂಪರ್ ಅವರ ತಂಡ ಕ್ರಮವಿಲ್ಲದ, ಆದರೆ ರಂಧ್ರ ತುಂಬಿದ ಇನ್ನೊಂದು ಬಗೆಯನ್ನು ತಂದಿತು. 2008ರಲ್ಲಿ ಜರ್ಮನಿಯ ಪೋಟ್ಸ್‌ಡಾಮಿನಲ್ಲಿ ಅರ್ನೆ ಥಾಮಸ್ ಮತ್ತು ಸಂಗಡಿಗರು ಸತುವಿನ ಕ್ಲೋರೈಡನ್ನು 400 ಡಿಗ್ರಿಯಲ್ಲಿ ಕರಗಿಸಿ, ಆ ಕರಗಿದ ಲವಣದೊಳಗೆ ನೈಟ್ರೈಲ್ ಅಣುಗಳನ್ನು ಮೂರುಮೂರಾಗಿ ಬೆಸೆದು ಟ್ರಯಜೀನ್ ಚೌಕಟ್ಟು ಮಾಡಿದರು.

ಈ ವಸ್ತುಗಳ ಒಳಮೈ ಎಷ್ಟೆಂದು ಊಹಿಸಲು ಒಂದು ಲೆಕ್ಕ ಕೊಡುತ್ತೇನೆ. ಯಾಘಿ ಅವರ 2005ರ ಪ್ರಬಂಧದಲ್ಲಿದ್ದ ಒಂದು ಚೌಕಟ್ಟಿನ ಒಂದು ಗ್ರಾಮಿನ ಮೇಲ್ಮೈ 1,590 ಚದರ ಮೀಟರು. ಬೆಂಗಳೂರಿನ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟು ಎನ್ನುತ್ತೇವಲ್ಲ, ಅಂಥ ಹದಿನಾಲ್ಕು ಸೈಟುಗಳ ವಿಸ್ತೀರ್ಣ ಒಂದು ಚಿಟಿಕೆ ಪುಡಿಯಲ್ಲಿ ಅಡಗಿದೆ. ಅದರ ಪ್ರತಿ ರಂಧ್ರದ ಅಗಲ 2.7 ನ್ಯಾನೋಮೀಟರು.

ಆದರೆ ಆ ಮೊದಲ ಚೌಕಟ್ಟುಗಳಲ್ಲಿ ಬೋರಾನಿನ ಬಂಧಗಳಿದ್ದವು, ನೀರು ತಾಕಿದರೆ ಬಿಚ್ಚಿಕೊಳ್ಳುತ್ತಿದ್ದವು. ಬ್ಯಾಟರಿಗೆ ಅಂಥದ್ದು ಒಗ್ಗದು. ಇಲ್ಲಿ ಒಂದು ದೊಡ್ಡ ತಿರುವು ನಮ್ಮ ದೇಶದಿಂದ ಬಂತು. 2012ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ರಾಹುಲ್ ಬ್ಯಾನರ್ಜಿ ಅವರ ತಂಡ ಟ್ರೈಫಾರ್ಮೈಲ್ ಫ್ಲೋರೊಗ್ಲುಸಿನಾಲ್ ಎಂಬ ಮೂರು ಕೈಗಳ ಅಣುವನ್ನು ಬಳಸಿ, ಕುದಿನೀರಿಗೂ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಜಗ್ಗದ ಚೌಕಟ್ಟನ್ನು ತಯಾರಿಸಿತು. ಬಂಧ ಮೊದಲು ಕೂಡಿಕೊಂಡು, ಆಮೇಲೆ ತಾನೇ ಒಳಗೊಳಗೆ ಬದಲಾಗಿ, ಬಿಚ್ಚಲಾಗದ ರೂಪಕ್ಕೆ ಹೋಗುತ್ತದೆ. ಮರುವರ್ಷವೇ ಅಮೆರಿಕದ ಕಾರ್ನೆಲ್ಲಿನಲ್ಲಿ ವಿಲಿಯಂ ಡಿಕ್ಟೆಲ್ ಅವರ ತಂಡ ಅದೇ ಬಗೆಯ ಬಂಧದಿಂದ ಆಂಥ್ರಾಕ್ವಿನೋನನ್ನು ಚೌಕಟ್ಟಿನ ಗೋಡೆಯಲ್ಲೇ ಕೂರಿಸಿತು. ಎಲೆಕ್ಟ್ರಾನು ಹಿಡಿಯುವ ಅಣುವೇ ಗೋಡೆ, ಅಯಾನು ಓಡಾಡುವ ಜಾಗವೇ ರಂಧ್ರ.

ಫಲಿತಾಂಶ ನೋಡಿದಾಗ ಒಂದು ಪಾಠ ಸಿಕ್ಕಿತು. ಪುಡಿಯ ರೂಪದಲ್ಲಿದ್ದ ಆ ಚೌಕಟ್ಟಿನ ಆಂಥ್ರಾಕ್ವಿನೋನುಗಳಲ್ಲಿ ನೂರಕ್ಕೆ ಸುಮಾರು ಮೂರು ಮಾತ್ರ ವಿದ್ಯುತ್ತಿಗೆ ಸ್ಪಂದಿಸಿದವು. ಉಳಿದವು ಒಳಗೇ ಕೂತಿದ್ದವು, ಎಲೆಕ್ಟ್ರಾನು ಅಲ್ಲಿಯವರೆಗೆ ತಲುಪಲೇ ಇಲ್ಲ. ಅದೇ ವಸ್ತುವನ್ನು ತೆಳುವಾದ ಪೊರೆಯಾಗಿ, ರಂಧ್ರಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುವಂತೆ ಬೆಳೆಸಿದಾಗ ಬಹುಪಾಲು ಅಣುಗಳು ಕೆಲಸಕ್ಕೆ ಬಂದವು. ರಂಧ್ರ ಇದೆ ಎಂದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಅದರ ಅಗಲ ಎಷ್ಟು, ಅದು ಎಲ್ಲಿಗೆ ತೆರೆದುಕೊಂಡಿದೆ, ಗೋಡೆಯಲ್ಲಿ ಎಲೆಕ್ಟ್ರಾನು ಹರಿಯುತ್ತದೆಯೇ, ಇವೆಲ್ಲವೂ ಎಣಿಕೆಗೆ ಬರುತ್ತವೆ. ಬರೀ ಲಿಥಿಯಂ ಅಯಾನು ತೀರಾ ಚಿಕ್ಕದು. ಆದರೆ ದ್ರಾವಣದಲ್ಲಿ ಅದು ದ್ರಾವಕದ ಅಣುಗಳನ್ನು ಸುತ್ತಿಕೊಂಡು ಹಲವು ಪಟ್ಟು ಹಿಗ್ಗಿರುತ್ತದೆ. ಒಂದು ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರದಲ್ಲಿ ಅದು ತಡವರಿಸುತ್ತದೆ.

2017ರಲ್ಲಿ ಬೀಜಿಂಗಿನ ವಿಜ್ಞಾನಿಗಳು ಅದೇ ಆಂಥ್ರಾಕ್ವಿನೋನ್ ಚೌಕಟ್ಟನ್ನು ತೆಗೆದುಕೊಂಡು ಉರುಳುವ ಗುಂಡುಗಳ ಗಿರಣಿಯಲ್ಲಿ ಅರೆದರು. ಒಂದರ ಮೇಲೊಂದು ಕೂತಿದ್ದ ಪದರಗಳು ಬೇರೆಯಾಗಿ ಕೆಲವೇ ಪದರ ದಪ್ಪದ ಹಾಳೆಗಳಾದವು. ಅಯಾನು ಸಾಗಬೇಕಾದ ದೂರ ಕಡಿಮೆಯಾಯಿತು. ಆ ಹಾಳೆಗಳನ್ನು ಲಿಥಿಯಂ ಬ್ಯಾಟರಿಯ ಕ್ಯಾಥೋಡಾಗಿ ಬಳಸಿದಾಗ 1,800 ಸುತ್ತುಗಳ ನಂತರವೂ ಸಾಮರ್ಥ್ಯದಲ್ಲಿ ನೂರಕ್ಕೆ 98ರಷ್ಟು ಉಳಿದಿತ್ತು. ಪುಣೆಯ ಒಂದು ಬಂಧ, ಕಾರ್ನೆಲ್ಲಿನ ಒಂದು ಅಣು, ಬೀಜಿಂಗಿನ ಒಂದು ಗಿರಣಿ. ಐದು ವರ್ಷಗಳಲ್ಲಿ ಮೂರು ದೇಶಗಳವರು ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಿದ ಈ ಸಾಲು ನನಗೆ ಬಹಳ ಇಷ್ಟವಾದದ್ದು. ಕರಗುವ ತೊಂದರೆ ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತು ಎಂದೇ ಹೇಳಬಹುದು.

ಆನೋಡಿನ ಕಡೆಯೂ ಕೆಲಸ ನಡೆದಿದೆ. 2018ರಲ್ಲಿ ಪುಣೆಯ ಐಸರ್ ಸಂಸ್ಥೆಯಲ್ಲಿ ರಾಮನಾಥನ್ ವೈದ್ಯನಾಥನ್ ಮತ್ತು ಸಂಗಡಿಗರು ಟ್ರಯಜೋಲ್ ಅಣುವಿರುವ ಚೌಕಟ್ಟೊಂದನ್ನು ಮಾಡಿದರು. ಅದರ ಪದರಗಳು ತಾವಾಗಿಯೇ ಬಿಡಿಬಿಡಿಯಾಗುತ್ತವೆ, ಅರೆಯುವ ಕೆಲಸವೂ ಇಲ್ಲ. ಗ್ರಾಮಿಗೆ ಸುಮಾರು 720 ಮಿಲಿಆಂಪಿಯರ್-ಅವರ್ ಸಿಕ್ಕಿತೆಂದು ಅವರು ವರದಿ ಮಾಡಿದರು. ಇವತ್ತಿನ ಬ್ಯಾಟರಿಗಳ ಆನೋಡಾದ ಗ್ರ್ಯಾಫೈಟಿನ ಗರಿಷ್ಠ 372. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ತಪಸ್ ಕುಮಾರ್ ಮಾಜಿ ಅವರ ತಂಡ ಸರಂಧ್ರ ಪಾಲಿಮರುಗಳನ್ನು ಬೆಳಕು ಹಿಡಿಯಲು, ವೇಗವರ್ಧನೆಗೆ ಬಳಸುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಈ ಬಲೆಗಳನ್ನು ಹೆಣೆಯಬಲ್ಲ ಕೈಗಳು ನಮ್ಮಲ್ಲಿ ಕಡಿಮೆಯಿಲ್ಲ.

ಇಷ್ಟೆಲ್ಲ ಇದ್ದರೂ ಅಂಗಡಿಯಲ್ಲಿ ಇಂಥ ಬ್ಯಾಟರಿ ಏಕೆ ಸಿಗುವುದಿಲ್ಲ? ಇದಕ್ಕೆ ಉತ್ತರ ಹೇಳುವಾಗ ಮುಲಾಜಿಲ್ಲದೆ ಮಾತಾಡಬೇಕಾಗುತ್ತದೆ, ಏಕೆಂದರೆ ಈ ಕ್ಷೇತ್ರದ ಸುದ್ದಿಗಳಲ್ಲಿ ಉತ್ಸಾಹ ಲೆಕ್ಕವನ್ನು ಹಿಂದೆ ಹಾಕುವುದುಂಟು.

ಈ ಪಾಲಿಮರುಗಳಲ್ಲಿ ಹೆಚ್ಚಿನವು ವಿದ್ಯುತ್ತಿನ ಕಳಪೆ ವಾಹಕಗಳು. ಎಲೆಕ್ಟ್ರಾನು ಒಳಗೆ ಹರಿಯಲೆಂದು ವಿದ್ಯುದ್ವಾರಕ್ಕೆ ಕಾರ್ಬನ್ ಮಸಿಯನ್ನು ಬೆರೆಸುತ್ತಾರೆ. ಕಾರ್ಖಾನೆಯ ಸಾಮಾನ್ಯ ಕ್ಯಾಥೋಡಿನಲ್ಲಿ ಇಂಥ ಕಾರ್ಬನ್ ನೂರಕ್ಕೆ ಎರಡು ಮೂರು ಪಾಲು. ಪಾಲಿಮರಿನ ಪ್ರಯೋಗಗಳಲ್ಲಿ ಅದು ಮೂವತ್ತು, ನಲವತ್ತು, ಐವತ್ತರವರೆಗೂ ಹೋಗುತ್ತದೆ. ಪ್ರಬಂಧದಲ್ಲಿ ಕಾಣುವ ಸಂಖ್ಯೆ ಮಾತ್ರ ಬರೀ ಪಾಲಿಮರಿನ ಗ್ರಾಮಿಗೆ ಹೇಳಿದ್ದು. ಒಂದು ಉದಾಹರಣೆ ಹಾಕಿ ನೋಡೋಣ. ಪಾಲಿಮರಿಗೆ ಗ್ರಾಮಿಗೆ 200 ಮಿಲಿಆಂಪಿಯರ್-ಅವರ್ ಇದೆ ಎಂದಿಟ್ಟುಕೊಳ್ಳಿ. ವಿದ್ಯುದ್ವಾರದ ನೂರು ಪಾಲಿನಲ್ಲಿ ಕಾರ್ಬನ್ ಐವತ್ತು, ಪುಡಿಗಳನ್ನು ಹಿಡಿದಿಡುವ ಅಂಟು ಹತ್ತು, ಪಾಲಿಮರು ನಲವತ್ತು. ಆಗ ಇಡೀ ವಿದ್ಯುದ್ವಾರದ ಗ್ರಾಮಿಗೆ ಸಿಗುವುದು 80. ವೋಲ್ಟೇಜು ಬೇರೆ ಕಡಿಮೆ: ಕ್ವಿನೋನ್ ಬಗೆಯವು ಲಿಥಿಯಮ್ಮಿನ ಎದುರು 2.3 ವೋಲ್ಟಿನ ಆಸುಪಾಸು ಕೊಟ್ಟರೆ ಕೋಬಾಲ್ಟ್ ಆಕ್ಸೈಡು 3.9 ಕೊಡುತ್ತದೆ. ಎರಡನ್ನೂ ಗುಣಿಸಿದರೆ ಪಾಲಿಮರಿನ ವಿದ್ಯುದ್ವಾರಕ್ಕೆ ಕಿಲೋಗ್ರಾಮಿಗೆ 184 ವಾಟ್-ಅವರ್, ಕೋಬಾಲ್ಟಿನದಕ್ಕೆ 500ರ ಮೇಲೆ. ಕಬ್ಬಿಣದ ಫಾಸ್ಫೇಟೂ ಈ ಪಾಲಿಮರನ್ನು ಹಿಂದೆ ಹಾಕುತ್ತದೆ.

ಗಾತ್ರದ ಲೆಕ್ಕ ಇನ್ನೂ ಕಠಿಣ. ಕೋಬಾಲ್ಟ್ ಆಕ್ಸೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 5 ಗ್ರಾಂ. ಸಾವಯವ ವಸ್ತುಗಳದ್ದು ಒಂದೂವರೆ ಗ್ರಾಮಿನ ಹತ್ತಿರ, ರಂಧ್ರವಿದ್ದರೆ ಇನ್ನೂ ಕಡಿಮೆ. ಯೋಶಿನೊ ಪಾಲಿಅಸಿಟಿಲೀನನ್ನು ಬಿಡಲು ಇದ್ದ ಕಾರಣಗಳಲ್ಲಿ ಒಂದು ಇದೇ. ಯಾವ ಖಾಲಿ ಜಾಗ ಅಯಾನಿಗೆ ದಾರಿ ಮಾಡಿಕೊಟ್ಟಿತೋ ಅದೇ ಖಾಲಿ ಜಾಗ ಫೋನಿನ ಒಳಗೆ ದುಬಾರಿಯಾಗುತ್ತದೆ. ಹಾಗಾಗಿ ಮೇಲ್ಮೈ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಅನಿಲ ಸಂಗ್ರಹದ ಕಾಲದ ಓಟವನ್ನು ಬ್ಯಾಟರಿಯವರು ಕುರುಡಾಗಿ ಅನುಸರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕಾದ್ದು ಅಯಾನು ಸರಾಗವಾಗಿ ಹೋಗುವಷ್ಟು ಅಗಲ, ಅದಕ್ಕಿಂತ ಒಂದಿಷ್ಟೂ ಹೆಚ್ಚಲ್ಲ.

ಇನ್ನೊಂದು ತೊಡಕಿನ ಬಗ್ಗೆ ಕಡಿಮೆ ಮಾತು ನಡೆಯುತ್ತದೆ, ಆದರೆ ಅದೇ ಎಲ್ಲಕ್ಕಿಂತ ದೊಡ್ಡದಿರಬಹುದು. ಗುಡ್‌ಎನಫ್ ಅವರ ಕ್ಯಾಥೋಡು ತನ್ನೊಳಗೆ ಲಿಥಿಯಮ್ಮನ್ನು ಇಟ್ಟುಕೊಂಡೇ ಹುಟ್ಟುತ್ತದೆ. ಆದ್ದರಿಂದ ಎದುರಿಗೆ ಲಿಥಿಯಂ ಇಲ್ಲದ ಕಾರ್ಬನ್ ಇಟ್ಟರೂ ಬ್ಯಾಟರಿ ನಡೆಯುತ್ತದೆ. ಕಾರ್ಖಾನೆಯಲ್ಲಿ ಸುರಕ್ಷಿತವಾಗಿ ಜೋಡಿಸಿ, ಆಮೇಲೆ ಚಾರ್ಜ್ ಮಾಡಬಹುದು. ಕ್ವಿನೋನ್ ಬಗೆಯ ಪಾಲಿಮರು ತಯಾರಾಗುವಾಗ ಅದರಲ್ಲಿ ಲಿಥಿಯಂ ಇರುವುದಿಲ್ಲ. ಅದರ ಎದುರಿಗೆ ಗ್ರ್ಯಾಫೈಟ್ ಇಟ್ಟರೆ ಎರಡೂ ಕಡೆ ಲಿಥಿಯಂ ಇಲ್ಲ. ಪ್ರಯೋಗಾಲಯದಲ್ಲಿ ಎದುರಿಗೆ ಲಿಥಿಯಂ ಲೋಹದ ಬಿಲ್ಲೆ ಇಟ್ಟು ಅಳೆಯುತ್ತಾರೆ, ಅಲ್ಲಿ ಲಿಥಿಯಮ್ಮಿಗೆ ಕೊರತೆಯಿಲ್ಲ. ಆದರೆ ಮಾರುವ ಬ್ಯಾಟರಿಯಲ್ಲಿ ಲಿಥಿಯಂ ಲೋಹವನ್ನು ಪಳಗಿಸುವುದು ಬೇರೆಯೇ ಒಂದು ದೊಡ್ಡ ಕೆಲಸ. ಪಾಲಿಮರಿಗೆ ಮೊದಲೇ ಲಿಥಿಯಂ ತುಂಬಿಡೋಣವೆಂದರೆ, ಹಾಗೆ ತುಂಬಿದ ರೂಪ ಸಾಮಾನ್ಯವಾಗಿ ಗಾಳಿ ತಾಕಿದ ಕೂಡಲೇ ಕೆಡುತ್ತದೆ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಕಾರ್ಬನ್ ಕಡಿಮೆ ಮಾಡುವ ದಾರಿಗಳು ತೆರೆಯುತ್ತಿವೆ. ಚೌಕಟ್ಟನ್ನು ಕಾರ್ಬನ್ ನ್ಯಾನೋ ಕೊಳವೆಗಳ ಮೇಲೆಯೇ ಬೆಳೆಸುವುದು ಒಂದು ದಾರಿ. 2015ರಲ್ಲಿ ಹಾಗೆ ಮಾಡಿದ ಒಂದು ವಸ್ತು 700 ಸುತ್ತಿನವರೆಗೆ ಗಟ್ಟಿಯಾಗಿ ನಿಂತಿತು. ಗೋಡೆಗಳೇ ಎಲೆಕ್ಟ್ರಾನನ್ನು ಹರಿಸುವಂತೆ ಅಣುವನ್ನು ವಿನ್ಯಾಸ ಮಾಡುವುದು ಇನ್ನೊಂದು. 2024ರ ಮೊದಲಲ್ಲಿ ಅಮೆರಿಕದ ಎಂಐಟಿಯ ಮಿರ್ಚಾ ಡಿಂಕಾ ಅವರ ತಂಡ ಮೂರು ಉಂಗುರಗಳು ಬೆಸೆದುಕೊಂಡ ಒಂದು ಸಾವಯವ ಅಣುವಿನ ಕ್ಯಾಥೋಡನ್ನು ಪ್ರಕಟಿಸಿತು. ಅದು ಪಾಲಿಮರು ಅಲ್ಲ. ಹೈಡ್ರೋಜನ್ ಬಂಧಗಳೇ ಆ ಅಣುಗಳನ್ನು ಪದರಪದರವಾಗಿ ಬಿಗಿಹಿಡಿದು ಕರಗದಂತೆ ಕಾಯುತ್ತವೆ. ಎಲೆಕ್ಟ್ರಾನೂ ಅದರಲ್ಲಿ ಚೆನ್ನಾಗಿ ಹರಿಯುತ್ತದೆ. 2,000ಕ್ಕೂ ಹೆಚ್ಚು ಸುತ್ತು ಅದು ಬಾಳಿತು. ರಂಧ್ರಗಳ ಪಾಲಿಮರಿನವರು ಕಲಿಯಬೇಕಾದ್ದು ಅಲ್ಲಿ ಇದೆ ಎಂದು ನನಗೆ ತೋರುತ್ತದೆ. ಕರಗದಿರುವುದು, ಹರಿಯಬಿಡುವುದು, ಒತ್ತಾಗಿ ಕೂರುವುದು, ಮೂರನ್ನೂ ಒಂದೇ ವಸ್ತು ಸಾಧಿಸಬಹುದೆಂದು ಅದು ತೋರಿಸಿದೆ.

ಹಾಗಾದರೆ ಈ ಪಾಲಿಮರುಗಳು ಮೊದಲು ಎಲ್ಲಿಗೆ ಬರಬಹುದು? ಕಾರಿಗೆ ಎಂದು ನಾನು ಹೇಳಲಾರೆ. ಕಾರಿನಲ್ಲಿ ಜಾಗವೂ ತೂಕವೂ ಬಿಗಿ. ಸೌರಫಲಕದ ಪಕ್ಕದಲ್ಲಿ ನೆಲದ ಮೇಲೆ ಕೂರುವ ಬ್ಯಾಟರಿಗೆ ಗಾತ್ರ ಅಷ್ಟು ದೊಡ್ಡ ವಿಷಯವಲ್ಲ. ಪಾವಗಡದ ಸೌರ ಪಾರ್ಕಿನಂಥ ಬಯಲಿನಲ್ಲಿ ಬ್ಯಾಟರಿ ಸ್ವಲ್ಪ ದಪ್ಪಗಿದ್ದರೆ ಯಾರಿಗೂ ತೊಂದರೆಯಿಲ್ಲ. ಅಲ್ಲಿ ಬೇಕಾದ್ದು ಅಗ್ಗ, ಬಾಳಿಕೆ, ಸುರಕ್ಷತೆ.

ಅಂಥ ಕಡೆ ಲಿಥಿಯಂ ಕೂಡ ಕಡ್ಡಾಯವಲ್ಲ. ಕೋಬಾಲ್ಟ್ ಆಕ್ಸೈಡಿನಂಥ ಹರಳು ತನ್ನ ಅಳತೆಗೆ ಹೊಂದುವ ಅಯಾನನ್ನೇ ಕೇಳುತ್ತದೆ. ಗ್ರ್ಯಾಫೈಟು ಸೋಡಿಯಮ್ಮನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ರಂಧ್ರವಿರುವ ಪಾಲಿಮರಿನ ಆಕ್ಸಿಜನ್ ಪಕ್ಕದಲ್ಲಿ ಲಿಥಿಯಂ ಕೂತರೂ ಸೋಡಿಯಂ ಕೂತರೂ ಕೆಲಸ ನಡೆಯುತ್ತದೆ. 2012ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಕೆನ್ ಸಕೌಶಿ ಮತ್ತು ಸಂಗಡಿಗರು ಪೋಟ್ಸ್‌ಡಾಮಿನ ಟ್ರಯಜೀನ್ ಚೌಕಟ್ಟನ್ನು ಮೊದಲು ಲಿಥಿಯಮ್ಮಿನ ಜೊತೆ ಪರೀಕ್ಷಿಸಿದರು. ಮರುವರ್ಷ ಅದೇ ಬಗೆಯ ಚೌಕಟ್ಟನ್ನು ಸೋಡಿಯಮ್ಮಿನ ಜೊತೆ ನಡೆಸಿ, 7,000 ಸುತ್ತುಗಳ ನಂತರವೂ ನೂರಕ್ಕೆ 80ರಷ್ಟು ಸಾಮರ್ಥ್ಯ ಉಳಿದದ್ದನ್ನು ತೋರಿಸಿದರು.

ನಮ್ಮ ರಾಜ್ಯಕ್ಕೆ ಇದು ಹತ್ತಿರದ ಮಾತು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಸುತ್ತಮುತ್ತ ಪರಮಾಣು ಖನಿಜ ನಿರ್ದೇಶನಾಲಯದವರು ಅಂದಾಜು ಮಾಡಿರುವ ಲಿಥಿಯಂ ಸಂಪನ್ಮೂಲ 1,600 ಟನ್ನು. ಸುದ್ದಿ ಬಂದಾಗ ಊರೆಲ್ಲ ಸಂಭ್ರಮವಾಯಿತು, ಸಂಭ್ರಮ ತಪ್ಪಲ್ಲ; ಆದರೆ ದೇಶದ ಬೇಡಿಕೆಯ ಮುಂದೆ ಅದು ಬಹಳ ಸಣ್ಣ ಮೊತ್ತ. ಸೋಡಿಯಂ ನಮ್ಮ ಕರಾವಳಿಯ ಉಪ್ಪಿನಗದ್ದೆಗಳಲ್ಲೇ ಇದೆ. ಕಾರ್ಬನ್, ಆಕ್ಸಿಜನ್, ನೈಟ್ರೋಜನ್ ಯಾರಿಂದಲೂ ಕೇಳಿ ಪಡೆಯಬೇಕಾದ್ದಲ್ಲ. ಉಳಿದಿರುವುದು ಪ್ರಯೋಗಾಲಯದ ಮಿಲಿಗ್ರಾಮುಗಳನ್ನು ಕಿಲೋಗ್ರಾಮುಗಳಿಗೆ ಏರಿಸುವ ಕೆಲಸ, ದಪ್ಪ ವಿದ್ಯುದ್ವಾರದಲ್ಲಿ ಪರೀಕ್ಷಿಸುವ ಕೆಲಸ, ಲಿಥಿಯಂ ಬಿಲ್ಲೆಯ ಆಸರೆಯಿಲ್ಲದೆ ಪೂರ್ಣ ಕೋಶ ಕಟ್ಟುವ ಕೆಲಸ. ಇವು ಪ್ರಬಂಧದಲ್ಲಿ ಮಿಂಚುವ ಕೆಲಸಗಳಲ್ಲ. ಅವಕ್ಕೆ ಹಣ ಕೊಡುವವರು, ತಾಳ್ಮೆಯಿಂದ ಕಾಯುವವರು ನಮ್ಮಲ್ಲಿ ಇನ್ನೂ ಹೆಚ್ಚಬೇಕು. ಪುಣೆಯಿಂದಲೋ ಜಕ್ಕೂರಿನಿಂದಲೋ ಮುಂದಿನ ಪ್ರಬಂಧ ಬಂದಾಗ ನಾನು ಮೊದಲು ಹುಡುಕುವುದು ವಿದ್ಯುದ್ವಾರದಲ್ಲಿ ಕಾರ್ಬನ್ನಿನ ಪಾಲು ಎಷ್ಟೆಂದು ಹೇಳುವ ಸಾಲನ್ನು. ಆ ಅಂಕಿ ಐವತ್ತರಿಂದ ಹತ್ತಕ್ಕೆ ಇಳಿದಿದ್ದರೆ, ಗ್ರಾಮಿನ ಲೆಕ್ಕ ಅದೇ ಇದ್ದರೂ ಸರಿ, ಅದನ್ನು ದೊಡ್ಡ ಸುದ್ದಿಯೆಂದು ತಿಳಿಯುತ್ತೇನೆ.